ಒಪ್ಪಿಸುವ ಧರ್ಮ

ಒಬ್ಬರ ಸ್ವತ್ತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಭಾರವನ್ನು ಹೊತ್ತವನು ಆ ಭಾರದಿಂದ ಬಿಡುಗಡೆ ಹೊಂದುವುದು ಯಾವಾಗ? ತನ್ನ ಕೈಯಿಂದ ಬಿಟ್ಟೊಡನೆಯೆ? ನಡುವಣ ದೂತನಿಗೆ ವಹಿಸಿದೊಡನೆಯೆ? ಪಡೆಯತಕ್ಕವನ ಹೊಸ್ತಿಲಲ್ಲಿ ಇಳಿಸಿದೊಡನೆಯೆ? ಅಥವಾ ಪಡೆದವನು ಬಿಚ್ಚಿ ನೋಡಿ, ಎಣಿಸಿ, ಸರಿಯಾಗಿದೆಯೆಂದು ಹೇಳಿದ ಮೇಲೆಯೆ? ಪ್ರಶ್ನೆಯು ಬಹು ಪುರಾತನವಾದುದು. ಧರ್ಮಶಾಸ್ತ್ರಕಾರರು ಇದನ್ನು ವ್ಯವಹಾರಪ್ರಕರಣದಲ್ಲಿ ವಿಚಾರಿಸಿದ್ದಾರೆ. ವರ್ತಕರು ದಿನದಿನವೂ ತಮ್ಮ ಅನುಭವದಿಂದ ಇದಕ್ಕೆ ಉತ್ತರ ಕಂಡುಕೊಳ್ಳುತ್ತಿದ್ದಾರೆ. ಈಚೆಗೆ ಕೆಲವು ವರ್ಷಗಳಿಂದ ಈ ಪ್ರಶ್ನೆಯು ಹೊಸದೊಂದು ವೇಷವನ್ನು ತೊಟ್ಟು ವಿದ್ಯಾವಂತರ ಮನೆಮನೆಗೂ ಬಂದು ನಿಂತಿದೆ. ಒಂದು ಗಣಕಯಂತ್ರದಲ್ಲಿರುವ ದೊಡ್ಡ ಕಡತಗಳನ್ನು ಮತ್ತೊಂದಕ್ಕೆ ಸಾಗಿಸುವ ಕೆಲಸವೇ ಆ ವೇಷ. ಮಗಳ ವಿವಾಹದ ಚಲಚ್ಚಿತ್ರ, ತೀರಿಹೋದ ಹಿರಿಯರ ಧ್ವನಿ, ಮನೆತನದ ತಾಳೆಯೋಲೆಗಳ ಛಾಯಾಚಿತ್ರ, ಸಂಘದ ಐವತ್ತು ವರ್ಷಗಳ ಲೆಕ್ಕ, ಇವೆಲ್ಲವೂ ಇಂದು ಕಡತಗಳಾಗಿವೆ. ಇವುಗಳನ್ನು ಸಾಗಿಸುವವನ ಧರ್ಮವೇನೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಯಂತ್ರದ ಮಾತು ಸಾಹಿತ್ಯಪತ್ರಿಕೆಗೆ ಸಲ್ಲದೆಂದು ವಾಚಕಮಹಾಶಯರು ಮುಖ ತಿರುಗಿಸದಿರಲಿ. ಯಂತ್ರವು ಇಲ್ಲಿ ನಿಮಿತ್ತಮಾತ್ರ, ವಿಚಾರವು ಮನುಷ್ಯರದು.

ಕಡತವೆಂಬ ಮಾತನ್ನೇ ಮೊದಲು ನೋಡೋಣ. ನಮ್ಮ ನಾಡಿನ ಶಾನುಭೋಗರೂ ವರ್ತಕರೂ ಮಠದವರೂ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದ ಒಂದು ಬಗೆಯ ಪುಸ್ತಕಕ್ಕೆ ಈ ಹೆಸರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಮತ್ತೆ ಬರೆಯುತ್ತಿದ್ದರು. ಶೃಂಗೇರಿಯ ಮಠದ ಕಡತಗಳು ಚರಿತ್ರಕಾರರಿಗೆ ಸುಪರಿಚಿತವಾಗಿವೆ. ಗಣಕದ ಬರೆವಣಿಗೆಗೂ ಅದೇ ಹೆಸರು ಬಂದುದು ಉಚಿತವಾಗಿಯೇ ಇದೆ, ಏಕೆಂದರೆ ಎರಡರಲ್ಲಿಯೂ ಬರೆಯುವುದು ಎಷ್ಟು ಸುಲಭವೋ ಒರಸುವುದೂ ಅಷ್ಟೇ ಸುಲಭ. ಆದರೆ ಒಂದು ಭೇದವುಂಟು. ಹಳೆಯ ಕಡತವನ್ನು ನಕಲು ಮಾಡಬೇಕಾದರೆ ಲೇಖಕನು ದಿನಗಟ್ಟಲೆ ಕುಳಿತಿರಬೇಕಾಗಿತ್ತು; ಒಂದೊಂದು ಅಕ್ಷರವೂ ಅವನ ಕಣ್ಣಮುಂದೆ ಹಾಯ್ದುಹೋಗುತ್ತಿತ್ತು. ಹೊಸ ಕಡತವಾದರೋ ಯಾರ ಕಣ್ಣಿಗೂ ಬೀಳದೆ ಕೋಟ್ಯಂತರ ಅಕ್ಷರಗಳಾಗಿ ಇಲ್ಲಿಂದಲ್ಲಿಗೆ ಹೋಗಿಬಿಡುತ್ತದೆ. ಕಣ್ಣಿನ ಕಾವಲು ತಪ್ಪಿದ ಕಡೆಯಲ್ಲಿ ಧರ್ಮದ ಕಾವಲು ಹೆಚ್ಚಬೇಕಾಗುತ್ತದೆ.

ಸಾಗಿಸುವ ಮಾರ್ಗಗಳು ಮುಖ್ಯವಾಗಿ ಎರಡು. ತಂತಿಯ ಮೂಲಕವಾಗಲಿ ತಂತಿಯಿಲ್ಲದೆಯಾಗಲಿ ಗಣಕದಿಂದ ಗಣಕಕ್ಕೆ ಜಾಲದಲ್ಲಿ ಹರಿಯಿಸುವುದು ಒಂದು. ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಮೊದಲಾದುವುಗಳಲ್ಲಿ ತುಂಬಿ ಕೈಯಲ್ಲಿ ಒಯ್ಯುವುದು ಇನ್ನೊಂದು. ಜಾಲವೇ ಯಾವಾಗಲೂ ಶೀಘ್ರವೆಂದು ಜನರ ನಂಬಿಕೆ. ಲೆಕ್ಕಹಾಕಿ ನೋಡಿದರೆ ಬೇರೆಯಾಗಿ ಕಾಣುತ್ತದೆ. ಒಂದು ಟೆರಾಬೈಟು ಎಂದರೆ ಒಂದು ಲಕ್ಷ ಕೋಟಿ ಬೈಟುಗಳು. ಬೈಟೊಂದಕ್ಕೆ ಎಂಟು ಬಿಟ್ಟುಗಳು. ಸೆಕೆಂಡಿಗೆ ೧೦೦ ಮೆಗಾಬಿಟ್ಟು ಸಾಗಿಸುವ ಜಾಲದಲ್ಲಿ, ಎಲ್ಲಿಯೂ ತಡೆಯಿಲ್ಲದೆ ನಡೆದರೂ, ಇದಕ್ಕೆ ೮೦,೦೦೦ ಸೆಕೆಂಡುಗಳು, ಎಂದರೆ ೨೨ ಗಂಟೆಗಳಿಗೂ ಮೇಲೆ ಹಿಡಿಯುತ್ತದೆ. ಸೆಕೆಂಡಿಗೆ ೧೦೦ ಮೆಗಾಬೈಟು ಬರೆಯುವ ಡಿಸ್ಕಿಗೆ ತುಂಬಲು ಮೂರು ಗಂಟೆಯೊಳಗೆ ಆಗುತ್ತದೆ; ಆಮೇಲೆ ಬಸ್ಸಿನಲ್ಲಿ ಕುಳಿತು ಪಕ್ಕದ ಜಿಲ್ಲೆಗೆ ಹೋದರೂ ಜಾಲವನ್ನು ಹಿಂದೆ ಹಾಕಬಹುದು. ೨೦೦೯ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ಪ್ರಾಂತದಲ್ಲಿ ವಿನ್‌ಸ್ಟನ್ ಎಂಬ ಪಾರಿವಾಳದ ಕಾಲಿಗೆ ೪ ಗಿಗಾಬೈಟಿನ ಬಿಲ್ಲೆಯನ್ನು ಕಟ್ಟಿ ಸುಮಾರು ೮೦ ಕಿಲೋಮೀಟರು ಹಾರಿಸಿದರು. ಹಾರಾಟವೂ ಬಿಲ್ಲೆಯಿಂದ ಗಣಕಕ್ಕೆ ಇಳಿಸುವುದೂ ಸೇರಿ ಎರಡು ಗಂಟೆಗಳ ಮೇಲೆ ಕೆಲವು ನಿಮಿಷಗಳಾದುವು. ಅಷ್ಟರಲ್ಲಿ ಅಲ್ಲಿಯ ಜಾಲವು ಅದೇ ಕಡತದ ನೂರಕ್ಕೆ ನಾಲ್ಕು ಪಾಲನ್ನು ಮಾತ್ರ ಸಾಗಿಸಿತ್ತು.

ಇದನ್ನು ವಿನೋದವೆಂದು ತಳ್ಳಿಹಾಕುವವರು ಇನ್ನೊಂದನ್ನು ನೋಡಬೇಕು. ೨೦೧೭ರ ಏಪ್ರಿಲ್ ತಿಂಗಳಿನಲ್ಲಿ ಭೂಮಂಡಲದ ಬೇರೆಬೇರೆ ಕಡೆಗಳಲ್ಲಿರುವ ಎಂಟು ದೂರದರ್ಶಕಗಳು ಒಂದುಗೂಡಿ ಕೃಷ್ಣರಂಧ್ರವೆಂಬ ಆಕಾಶವಸ್ತುವಿನ ಸುತ್ತಣ ಪ್ರದೇಶವನ್ನು ವೀಕ್ಷಿಸಿದುವು. ದೊರೆತ ಸಾಮಗ್ರಿ ಸುಮಾರು ೫ ಪೆಟಾಬೈಟು, ಎಂದರೆ ಐದು ಸಾವಿರ ಟೆರಾಬೈಟುಗಳು. ಇಷ್ಟನ್ನು ಯಾವ ಜಾಲವೂ ತಕ್ಕ ಕಾಲದಲ್ಲಿ ಹೊರಲಾರದಾಗಿ, ಹಾರ್ಡ್‌ಡಿಸ್ಕುಗಳನ್ನೇ ವಿಮಾನದಲ್ಲಿ ಹೇರಿ ಅಮೆರಿಕದ ಹೇಸ್ಟ್ಯಾಕ್ ವೀಕ್ಷಣಾಲಯಕ್ಕೂ ಜರ್ಮನಿಯ ಬಾನ್ ನಗರಕ್ಕೂ ಒಯ್ದರು. ದಕ್ಷಿಣಧ್ರುವದ ಡಿಸ್ಕುಗಳು ಮಾತ್ರ ಅಲ್ಲಿಯ ಚಳಿಗಾಲ ಕಳೆದು ವಿಮಾನಗಳು ಸಂಚರಿಸುವ ತನಕ ಕಾದಿದ್ದು ಡಿಸೆಂಬರಿನಲ್ಲಿ ತಲಪಿದುವು. ಎಂ ೮೭ ಎಂಬ ನಕ್ಷತ್ರಮಂಡಲದ ನಡುವಣ ಕೃಷ್ಣರಂಧ್ರದ ಚಿತ್ರವು ೨೦೧೯ರ ಏಪ್ರಿಲ್ ೧೦ರಂದು ಪ್ರಕಟವಾಯಿತು. ಇಷ್ಟು ದೊಡ್ಡ ವಿದ್ವಾಂಸರೂ ಕಡೆಗೆ ಒಬ್ಬ ಹೊರೆಯಾಳಿನ ಕೈಗೆ ಪೆಟ್ಟಿಗೆಯನ್ನು ಒಪ್ಪಿಸಿ ಕಾದುಕೊಂಡಿರಬೇಕಾಯಿತೆಂಬುದನ್ನು ಗಮನಿಸಬೇಕು. ಆದುದರಿಂದ ಮಾರ್ಗವು ಯಾವುದೇ ಆಗಲಿ, ನಡುವೆ ಇನ್ನೊಬ್ಬನನ್ನು ನಂಬುವ ಪ್ರಸಂಗವು ತಪ್ಪಿದ್ದಲ್ಲ.

ಇಲ್ಲಿ ಒಂದು ಪೂರ್ವಪಕ್ಷವು ಹುಟ್ಟುತ್ತದೆ. ದಾನವೆಂದರೆ ತನ್ನ ಸ್ವತ್ವವನ್ನು ಬಿಟ್ಟು ಇನ್ನೊಬ್ಬನ ಸ್ವತ್ವವನ್ನು ಉಂಟುಮಾಡುವುದೆಂದು ಶಾಸ್ತ್ರದ ಲಕ್ಷಣ. ಹಸುವನ್ನು ಕೊಟ್ಟರೆ ಹಸು ನಮ್ಮ ಕೊಟ್ಟಿಗೆಯಲ್ಲಿ ಉಳಿಯದು. ಕಡತವು ಹಾಗಲ್ಲ, ಕೊಟ್ಟ ಮೇಲೆಯೂ ಕೊಟ್ಟವನಲ್ಲಿ ಹಾಗೆಯೇ ಇರುತ್ತದೆ. ಹೀಗಿರಲು ದಾರಿಯಲ್ಲಿ ಕೆಟ್ಟರೆ ನಷ್ಟವೇನು, ಮತ್ತೊಮ್ಮೆ ಕಳುಹಿಸಿದರಾಯಿತು, ಇದರಲ್ಲಿ ಧರ್ಮಾಧರ್ಮಗಳ ವಿಚಾರವೇಕೆ, ಎಂದು ಕೇಳಬಹುದು. ಇದಕ್ಕೆ ಸಮಾಧಾನವೇನೆಂದರೆ, ಮೂಲವು ಉಳಿದಿರುವ ತನಕ ಈ ಮಾತು ನಿಜ. ಆದರೆ ಮೂಲವನ್ನು ಉಳಿಸುವುದೂ ಅಳಿಸುವುದೂ ಒಬ್ಬನ ಬೆರಳ ತುದಿಯಲ್ಲಿದೆ. ಗಣಕದಲ್ಲಿ ನಕಲು ಮಾಡುವುದೆಂದೂ ಸ್ಥಳಾಂತರ ಮಾಡುವುದೆಂದೂ ಎರಡು ಅಪ್ಪಣೆಗಳುಂಟು. ಒಂದೇ ಡಿಸ್ಕಿನೊಳಗೆ ಸ್ಥಳಾಂತರವೆಂಬುದು ಶಾನುಭೋಗನು ಖಾತೆ ಬದಲಾಯಿಸಿದಂತೆ. ಪುಸ್ತಕದಲ್ಲಿ ಹೆಸರು ಬದಲಾಯಿತೇ ಹೊರತು ಹೊಲವು ಅಲ್ಲಿಯೇ ಇರುತ್ತದೆ. ಒಂದು ಡಿಸ್ಕಿನಿಂದ ಬೇರೊಂದಕ್ಕೆ ಸ್ಥಳಾಂತರವೆಂಬುದಾದರೋ ಹೆಸರಿಗೆ ಮಾತ್ರ ಸ್ಥಳಾಂತರ. ನಿಜವಾಗಿ ನಡೆಯುವುದು ಅಲ್ಲಿ ನಕಲು ಬರೆದು ಇಲ್ಲಿ ಮೂಲವನ್ನು ಅಳಿಸುವುದು. ಬರೆದುದಕ್ಕೂ ಅಳಿಸುವುದಕ್ಕೂ ನಡುವೆ ಇರುವ ಆ ಒಂದು ಕ್ಷಣದಲ್ಲಿಯೇ ನಮ್ಮ ವಿಚಾರವೆಲ್ಲವೂ ಅಡಗಿದೆ.

ಆದುದರಿಂದ ಈ ವ್ಯವಹಾರಕ್ಕೆ ದಾನಪ್ರಕರಣಕ್ಕಿಂತ ನಿಕ್ಷೇಪಪ್ರಕರಣವೇ ಹೆಚ್ಚು ಹೊಂದುತ್ತದೆ. ಎಣಿಸಿ ತೋರಿಸಿ ಇಟ್ಟ ಒತ್ತೆಯು ನಿಕ್ಷೇಪ. ಒಳಗಿರುವುದನ್ನು ಹೇಳದೆ ಮುದ್ರೆಯೊತ್ತಿ ಕೈಗೆ ಕೊಟ್ಟದ್ದು ಉಪನಿಧಿ. ಉಪನಿಧಿಯನ್ನು ಕೊಟ್ಟಂತೆಯೇ, ಮುದ್ರೆ ಕೆಡದಂತೆ, ಹಿಂದಿರುಗಿಸಬೇಕೆಂದು ವಿಧಿ. ಕಡತವನ್ನು ಹೊರುವ ಯಂತ್ರಕ್ಕೂ ಅಂಗಡಿಯವನಿಗೂ ಅದರ ಒಳಗೆ ಅಜ್ಜನ ಧ್ವನಿಯಿದೆಯೋ ಅಕ್ಕಿಯ ಲೆಕ್ಕವಿದೆಯೋ ತಿಳಿಯದು. ಆದುದರಿಂದ ಅದು ಉಪನಿಧಿಯೇ ಸರಿ. ಯಾಜ್ಞವಲ್ಕ್ಯನು ಇದೇ ನಿಯಮವನ್ನು ಅನ್ವಾಹಿತಕ್ಕೂ ಹೇಳಿದ್ದಾನೆ. ಅನ್ವಾಹಿತವೆಂದರೆ ಒಬ್ಬನು ತನ್ನಲ್ಲಿಟ್ಟ ವಸ್ತುವನ್ನು ಒಡೆಯನಿಗೆ ಮುಟ್ಟಿಸೆಂದು ಮತ್ತೊಬ್ಬನ ಕೈಗೆ ದಾಟಿಸಿದ್ದು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಈ ಪದಗಳನ್ನು ವಿವರಿಸಿದ್ದಾನೆ. ಕೈಯಿಂದ ಕೈಗೆ ದಾಟಿದ ಮಾತ್ರಕ್ಕೆ ಹೊಣೆಯು ತೆಳ್ಳಗಾಗುವುದಿಲ್ಲವೆಂಬುದು ಇದರ ತಾತ್ಪರ್ಯ. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ಇಟ್ಟುಕೊಂಡವನಿಗೆ ದೋಷವಿಲ್ಲ. ಉಪೇಕ್ಷೆಯಿಂದ ಕೆಟ್ಟರೆ ತೆರಲೇಬೇಕೆಂದು ಬೃಹಸ್ಪತಿಯ ಮತ.

ಪ್ರಾಚೀನರು ಹೇಳಿದ ಈ ಮಾತನ್ನೇ ಗಣಕಶಾಸ್ತ್ರಜ್ಞರು ತಮ್ಮ ದಾರಿಯಿಂದ ಬಂದು ಮುಟ್ಟಿದರು. ಜೆರೋಮ್ ಸಾಲ್ಟ್ಜರ್, ಡೇವಿಡ್ ರೀಡ್, ಡೇವಿಡ್ ಕ್ಲಾರ್ಕ್ ಎಂಬ ಮೂವರು ಅಮೆರಿಕನ್ ವಿದ್ವಾಂಸರು ೧೯೮೪ರಲ್ಲಿ ಪ್ರಕಟಿಸಿದ ಪ್ರಸಿದ್ಧವಾದ ಪ್ರಬಂಧವೊಂದರಲ್ಲಿ, ಒಂದು ಗಣಕದಿಂದ ಮತ್ತೊಂದಕ್ಕೆ ಕಡತವನ್ನು ಎಚ್ಚರಿಕೆಯಿಂದ ಸಾಗಿಸುವುದು ಹೇಗೆಂಬ ಉದಾಹರಣೆಯನ್ನೇ ಎತ್ತಿಕೊಂಡು ವಿಚಾರಿಸಿದ್ದಾರೆ. ಅಲ್ಲಿ ನಿಜವಾಗಿ ನಡೆದ ಒಂದು ಸಂಗತಿಯನ್ನು ಹೇಳುತ್ತಾರೆ. ಒಂದು ಜಾಲದಲ್ಲಿ ಗೇಟ್‌ವೇಗಳೆಂಬ ಮಧ್ಯವರ್ತಿ ಗಣಕಗಳಿದ್ದುವು. ಒಂದು ಗೇಟ್‌ವೇಯಿಂದ ಮುಂದಿನದಕ್ಕೆ ಹೋಗುವಾಗ ಪ್ರತಿಯೊಂದು ತುಣುಕನ್ನೂ ತಾಳೆನೋಡುವ ಏರ್ಪಾಡೂ ಇತ್ತು. ಆದುದರಿಂದ ಜಾಲವು ನಂಬತಕ್ಕದ್ದೆಂದು ಎಲ್ಲರೂ ತಿಳಿದರು. ಆದರೆ ತಾಳೆ ನೋಡುತ್ತಿದ್ದುದು ದಾರಿಯ ಮೇಲೆ. ಗೇಟ್‌ವೇಯ ಒಳಗೆ ತುಣುಕು ತಂಗಿದ್ದಾಗ ಅದಕ್ಕೆ ಕಾವಲಿರಲಿಲ್ಲ. ಅಂಥ ಒಂದು ಗೇಟ್‌ವೇಯು ಕೆಟ್ಟು, ಸುಮಾರು ಹತ್ತು ಲಕ್ಷ ಬೈಟುಗಳಿಗೊಮ್ಮೆ ಎರಡು ಬೈಟುಗಳನ್ನು ಹಿಂದುಮುಂದು ಮಾಡತೊಡಗಿತು. ಬಹುಕಾಲ ಯಾರಿಗೂ ತಿಳಿಯಲಿಲ್ಲ. ಅನೇಕ ಕಡತಗಳು ಅದರ ಮೂಲಕ ಮತ್ತೆಮತ್ತೆ ಹಾಯ್ದು ಕೆಟ್ಟುವು. ಕಡೆಗೆ ಅವುಗಳ ಒಡೆಯರು ಹಳೆಯ ಅಚ್ಚಿನ ಪ್ರತಿಗಳನ್ನು ಮುಂದಿಟ್ಟುಕೊಂಡು ಸಾಲುಸಾಲಾಗಿ ಕಣ್ಣಿನಿಂದಲೇ ತಿದ್ದಬೇಕಾಯಿತು. ನಡುವಿನವರೆಲ್ಲರೂ ತಂತಮ್ಮ ಪಾಲಿನ ಕೆಲಸವನ್ನು ಸರಿಯಾಗಿ ಮಾಡಿದೆವೆಂದು ನಂಬಿದ್ದರೂ ಇಡೀ ಕೆಲಸವು ಸರಿಯಾಗಿದೆಯೆಂಬುದನ್ನು ಎರಡು ಕೊನೆಗಳಲ್ಲಿರುವವರು ಮಾತ್ರ ಅರಿಯಬಲ್ಲರೆಂಬುದು ಆ ಮೂವರ ಸಿದ್ಧಾಂತ. ಇದು ಜಾಲಕ್ಕೆ ಹೇಗೋ ಮನುಷ್ಯವ್ಯವಹಾರಕ್ಕೂ ಹಾಗೆಯೇ.

ನಮ್ಮ ಊರಿನಲ್ಲಿ ನಡೆದ ಒಂದು ವಿವಾದವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ಗೃಹಸ್ಥನೊಬ್ಬನ ತಂದೆಯವರು ಒಳ್ಳೆಯ ಗಮಕಿಗಳು. ಅವರು ಹನ್ನೊಂದು ರಾತ್ರಿ ವಾಚಿಸಿದ ಜೈಮಿನಿ ಭಾರತವನ್ನು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದು, ಮುಂದೆ ಗಣಕಕ್ಕೆ ಇಳಿಸಿದ್ದರು. ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹಾಳಾದುವು, ತಂದೆಯವರೂ ಕಾಲವಾದರು. ಗಣಕವು ಹಳೆಯದಾಯಿತೆಂದು ಆ ಕಡತಗಳನ್ನು ಹೊಸ ಡಿಸ್ಕಿಗೆ ಹಾಕಿಕೊಡಬೇಕೆಂದು ಗೃಹಸ್ಥನು ಒಂದು ಅಂಗಡಿಗೆ ವಹಿಸಿದನು. ಅಂಗಡಿಯವನು ಸ್ಥಳಾಂತರದ ಅಪ್ಪಣೆಯನ್ನು ಕೊಟ್ಟು, ಡಿಸ್ಕನ್ನು ಕೈಗಿತ್ತು, ಮರುದಿನ ಹಳೆಯ ಗಣಕವನ್ನು ಒರಸಿ ಮಾರಿದನು. ಏಳು ತಿಂಗಳ ಮೇಲೆ ತಂದೆಯವರ ಶ್ರಾದ್ಧದ ದಿನ ಮನೆಯವರೆಲ್ಲರೂ ಕೇಳಲು ಕುಳಿತಾಗ ಒಂಬತ್ತನೆಯ ರಾತ್ರಿಯ ವಾಚನವು ನಡುವೆಯೇ ಮೌನವಾಯಿತು. ಹತ್ತನೆಯದು ತೆರೆಯಲೇ ಇಲ್ಲ. ಹೆಸರೂ ಇತ್ತು, ಅಳತೆಯೂ ಇತ್ತು, ಒಳಗೆ ಧ್ವನಿಯಿರಲಿಲ್ಲ. ಇಬ್ಬರೂ ನನ್ನ ಹಳೆಯ ವಿದ್ಯಾರ್ಥಿಗಳಾದುದರಿಂದ ನನ್ನ ಜಗಲಿಗೆ ಬಂದರು.

“ಮುಗಿಯಿತೆಂದು ಯಂತ್ರವೇ ಹೇಳಿತಲ್ಲ ಮೇಷ್ಟ್ರೇ, ನನ್ನ ತಪ್ಪೇನಿದೆ? ಡಿಸ್ಕು ಕೆಟ್ಟಿತೆಂದರೆ ಅದು ದೈವ” ಎಂದು ಒಬ್ಬನು.

“ದುಡ್ಡು ಕೊಟ್ಟು ವಹಿಸಿದ್ದೆ ಮೇಷ್ಟ್ರೇ, ಅದನ್ನು ಮತ್ತೆ ನಾನು ಪರೀಕ್ಷೆ ಮಾಡಬೇಕಿತ್ತೆ?” ಎಂದು ಇನ್ನೊಬ್ಬನು.

ನಾನು ಹೇಳಿದುದಿಷ್ಟು. “ಡಿಸ್ಕು ಕೆಟ್ಟುದು ದೈವವೆಂದೇ ಇಟ್ಟುಕೊಳ್ಳೋಣವಪ್ಪ. ಆದರೆ ಹಳೆಯ ಗಣಕವನ್ನು ಒರಸಿದ್ದು ದೈವವಲ್ಲ, ನಿನ್ನ ಕೈ. ಒಡೆಯನು ಕೇಳಿ ನೋಡಿ ಸರಿಯೆಂದು ಹೇಳುವ ಮೊದಲೇ ಒರಸಿದೆಯಾದುದರಿಂದ ದೋಷವು ನಿನಗೆ ಬಂದಿತು.” ಗೃಹಸ್ಥನಿಗೆ, “ಕಾಗದದಲ್ಲಿ ಸಹಿ ಮಾಡುವ ಮೊದಲು ನೀನು ಓದುವೆ. ನೋಟನ್ನು ಎಣಿಸಿ ಪೆಟ್ಟಿಗೆಗೆ ಹಾಕುವೆ. ತಂದೆಯ ಧ್ವನಿಯನ್ನು ಏಳು ತಿಂಗಳು ಎಣಿಸದೆ ಇಟ್ಟುಕೊಂಡೆ” ಎಂದೆ. ಅಂಗಡಿಯವನು ಹಣವನ್ನು ಹಿಂದಿರುಗಿಸಿದನು. ಆ ಎರಡು ರಾತ್ರಿಗಳ ವಾಚನವು ಮಾತ್ರ ಹಿಂದಿರುಗಲಿಲ್ಲ. ಇಬ್ಬರಲ್ಲಿ ಯಾರೂ ದುಷ್ಟರಲ್ಲ. ತನ್ನ ಪಾಲು ಮುಗಿಯಿತೆಂದು ಇಬ್ಬರೂ ನಂಬಿದ್ದುದೇ ಅನರ್ಥಕ್ಕೆ ಕಾರಣವಾಯಿತು.

ಯಂತ್ರವು ‘ಮುಗಿಯಿತು’ ಎನ್ನುವುದಕ್ಕೆ ಅರ್ಥವೇನೆಂಬುದನ್ನು ಇಲ್ಲಿ ತಿಳಿಯಬೇಕು. ಡಿಸ್ಕಿಗೆ ಬರೆಯಬೇಕಾದುದನ್ನು ಗಣಕವು ಎಷ್ಟೋ ವೇಳೆ ಮೊದಲು ತನ್ನ ನೆನಪಿನಲ್ಲಿ ಇಟ್ಟುಕೊಂಡು, ಬರೆದಾಯಿತೆಂದು ಹೇಳಿ, ಬಳಿಕ ನಿಧಾನವಾಗಿ ಬರೆಯುತ್ತದೆ. ಡಿಸ್ಕನ್ನು ಕೀಳುವ ಮೊದಲು ಗಣಕದ ಅನುಮತಿಯನ್ನು ಪಡೆಯಬೇಕೆಂಬ ನಿಯಮವು ಇದರಿಂದಲೇ ಬಂದಿತು. ಇನ್ನು ಮಾರುಕಟ್ಟೆಯಲ್ಲಿ ದೊರೆಯುವ ಕೆಲವು ಮೋಸದ ಪೆನ್‌ಡ್ರೈವುಗಳು ತಮ್ಮ ಅಳತೆಯನ್ನೇ ಸುಳ್ಳು ಹೇಳುತ್ತವೆ. ಎಷ್ಟು ತುಂಬಿದರೂ ತೆಗೆದುಕೊಳ್ಳುತ್ತವೆ. ಹೆಸರಿನ ಪಟ್ಟಿಯನ್ನೂ ತೋರಿಸುತ್ತವೆ. ಒಳಗೆ ಹಿಂದಿನದನ್ನು ಅಳಿಸಿ ಮುಂದಿನದನ್ನು ಬರೆದಿರುತ್ತವೆ. ಪಾಠ ನಡೆಯುವಾಗ ಎಲ್ಲಕ್ಕೂ ತಲೆಯಾಡಿಸುವ ಹುಡುಗನನ್ನು ಕಂಡಿರುವ ಉಪಾಧ್ಯಾಯರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಹಾಗಾದರೆ ಸರಿಯಾಗಿದೆಯೆಂದು ತಿಳಿಯುವ ಉಪಾಯವೇನು? ಇಲ್ಲಿಯೂ ಸ್ಮೃತಿಕಾರರ ಮುದ್ರೆಯೇ ನೆರವಿಗೆ ಬರುತ್ತದೆ. ಕಡತದ ಸಮಸ್ತ ಅಕ್ಷರಗಳನ್ನೂ ಗಣಿತಕ್ಕೆ ಒಳಪಡಿಸಿ ಒಂದು ಚಿಕ್ಕ ಸಂಖ್ಯೆಯನ್ನು ತೆಗೆಯುವ ವಿಧಾನವುಂಟು. ಇದಕ್ಕೆ ಹ್ಯಾಷ್ ಎನ್ನುತ್ತಾರೆ. ಎಸ್‌ಎಚ್‌ಎ-೨೫೬ ಎಂಬ ವಿಧಾನದಲ್ಲಿ ಕಡತವು ಎಷ್ಟೇ ದೊಡ್ಡದಾದರೂ ೬೪ ಅಂಕಾಕ್ಷರಗಳ ಒಂದು ಸಾಲು ಹೊರಡುತ್ತದೆ. ಕಡತದಲ್ಲಿ ಒಂದು ಬಿಟ್ಟು ಬದಲಾದರೂ ಸಾಲು ಗುರುತು ಸಿಕ್ಕದಂತೆ ಬೇರೆಯಾಗುತ್ತದೆ. ಕಳುಹಿಸುವವನು ತನ್ನಲ್ಲಿ ತೆಗೆದ ಸಾಲನ್ನೂ ಪಡೆದವನು ತನ್ನಲ್ಲಿ ತೆಗೆದ ಸಾಲನ್ನೂ ಹೋಲಿಸಿದರೆ ಸಾಕು. ಹೀಗೆ ಒಳಗನ್ನು ಬಿಚ್ಚದೆಯೇ ಮುದ್ರೆಯನ್ನು ಪರೀಕ್ಷಿಸಬಹುದು. ಆದರೆ ಮುದ್ರೆಯನ್ನೂ ಕಳ್ಳತನದಿಂದ ಒತ್ತುವವರುಂಟಲ್ಲವೆ? ೧೯೯೨ರಲ್ಲಿ ಪ್ರಕಟವಾದ ಎಂಡಿ-೫ ಎಂಬ ಮುದ್ರೆಯನ್ನು ೨೦೦೪ರಲ್ಲಿ ಚೀನದ ವಿದುಷಿ ವಾಂಗ್ ಷಿಯಾವೊಯುನ್ ಮತ್ತು ಅವರ ಸಂಗಡಿಗರು ಭೇದಿಸಿ, ಬೇರೆಬೇರೆಯಾದ ಎರಡಕ್ಕೆ ಒಂದೇ ಮುದ್ರೆ ಬರುವಂತೆ ಮಾಡಿ ತೋರಿಸಿದರು. ಆದುದರಿಂದ ಮುದ್ರೆಯನ್ನು ಆರಿಸುವುದರಲ್ಲಿಯೂ ವಿವೇಕ ಬೇಕು.

ಇನ್ನೆರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕಾಗಿದೆ. ಪರೀಕ್ಷಿಸುವುದೆಂದರೆ ತಂದವನನ್ನು ಅವಿಶ್ವಾಸದಿಂದ ಕಂಡಂತಲ್ಲವೆ ಎಂಬುದು ಮೊದಲನೆಯದು. ನಮ್ಮಲ್ಲಿ ಈ ಸಂಕೋಚವು ಬಹಳ. ನೆಂಟರು ತಂದ ಗಂಟನ್ನು ಅವರೆದುರಿಗೆ ಬಿಚ್ಚಿ ಎಣಿಸುವುದಿಲ್ಲ. ಆದರೆ ಗೇಟ್‌ವೇಯ ಕಥೆಯಲ್ಲಿ ವಂಚಕನು ಯಾರು? ಯಾರೂ ಇಲ್ಲ. ದೋಷವು ಮನುಷ್ಯನಲ್ಲಿಲ್ಲದೆ ದಾರಿಯಲ್ಲಿ ಇರಬಹುದಾದುದರಿಂದ, ಪರೀಕ್ಷೆಯು ದಾರಿಯ ಪರೀಕ್ಷೆಯೇ ಹೊರತು ಮನುಷ್ಯನದಲ್ಲ. ತಂದವನೇ “ದಯವಿಟ್ಟು ನೋಡಿಬಿಡಿ” ಎಂದು ಮೊದಲು ಹೇಳಿದರೆ ಸಂಕೋಚವೂ ಉಳಿಯದು. ಎಲ್ಲವನ್ನೂ ಹೀಗೆ ನೋಡುತ್ತ ಕುಳಿತರೆ ಸಂಸಾರ ನಡೆಯುವುದೆಂತು ಎಂಬುದು ಎರಡನೆಯದು. ಇದೂ ಯೋಗ್ಯವಾದ ಮಾತೇ. ಎಲ್ಲೆಲ್ಲಿಯೂ ದೊರೆಯುವ ಸಿನೆಮಾ ಒಂದು ಕೆಟ್ಟರೆ ಮತ್ತೆ ತರಬಹುದು. ಅದಕ್ಕೆ ಇಷ್ಟು ಶ್ರಮ ಬೇಡ. ಜಗತ್ತಿನಲ್ಲಿ ಬೇರೆ ಪ್ರತಿಯಿಲ್ಲದುದಕ್ಕೆ ಬೇಕು. ಕಡತದ ಹಿರಿತನವನ್ನು ಗಿಗಾಬೈಟುಗಳಿಂದ ಅಳೆಯಲಾಗದು. ಹೋದರೆ ಮತ್ತೆ ಬರುವುದೋ ಇಲ್ಲವೋ ಎಂಬುದೇ ಅದರ ಅಳತೆ. ಹೊಣೆಯ ಅಳತೆಯೂ ಅದೇ.

ಈ ಧರ್ಮವನ್ನು ನಮ್ಮ ನುಡಿಯು ಒಂದೇ ಮಾತಿನಲ್ಲಿ ಹಿಡಿದಿಟ್ಟಿದೆ. ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಡುವುದಕ್ಕೆ ‘ಒಪ್ಪಿಸುವುದು’ ಎನ್ನುತ್ತೇವೆ. ಹುಡುಗನು ಕಲಿತ ಪಾಠವನ್ನು ಗುರುವಿನೆದುರು ಹೇಳಿ ತೋರಿಸುವುದಕ್ಕೂ ‘ಒಪ್ಪಿಸುವುದು’ ಎಂದೇ ಎನ್ನುತ್ತೇವೆ. ಮದುವೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರವುಂಟು. ಅಲ್ಲಿಂದಾಚೆಗೂ ಮಗಳ ಕಾಗದ ಬರುವ ತನಕ ತಾಯಿಗೆ ನಿದ್ದೆಯಿಲ್ಲ. ಒಪ್ಪು ಎಂಬುದರಿಂದ ಒಪ್ಪಿಸು ಬಂದಿತು. ಪಡೆದವನು ಒಪ್ಪಿದಲ್ಲದೆ ಕೊಟ್ಟವನು ಒಪ್ಪಿಸಿದಂತಾಗದು. ಪಾಠಶಾಲೆಯಲ್ಲಿ ಗುರುಗಳು ವೇದವನ್ನು ಹೇಳಿಕೊಟ್ಟ ಮಾತ್ರಕ್ಕೆ ತಮ್ಮ ಕೆಲಸ ಮುಗಿಯಿತೆಂದು ಎಣಿಸುತ್ತಿರಲಿಲ್ಲ. ಶಿಷ್ಯನು ಪದವಾಗಿ ಬಿಡಿಸಿ, ಕ್ರಮವಾಗಿ ಎರಡೆರಡನ್ನು ಕೂಡಿಸಿ, ಜಟೆಯಲ್ಲಿ ಹಿಂದುಮುಂದಾಗಿ ಹೆಣೆದು ಒಪ್ಪಿಸಬೇಕಾಗಿತ್ತು. ಒಂದು ಪದವು ಜಾರಿದ್ದರೆ ಮುಂದಿನ ಹೆಣಿಗೆಯು ಕೂಡುತ್ತಿರಲಿಲ್ಲ. ಕೇಳಿದ ಗುರುವು ‘ಹೂಂ’ ಎಂದರೆ ಮಾತ್ರ ಆ ಪಾಠವು ಒಂದು ತಲೆಯಿಂದ ಇನ್ನೊಂದು ತಲೆಗೆ ದಾಟಿತೆಂದು ಅರ್ಥ. ಲಿಪಿಯ ಆಶ್ರಯವಿಲ್ಲದೆ ಅಷ್ಟು ದೊಡ್ಡ ರಾಶಿಯು ನಮ್ಮ ತನಕ ಬಂದಿರುವುದು ಈ ಎಚ್ಚರದಿಂದ.

ಆದುದರಿಂದ ಕಡತವನ್ನು ಸಾಗಿಸುವವರು ಮೂರು ವಿಧಿಗಳನ್ನು ಪಾಲಿಸಿದರೆ ಸಾಕೆಂದು ತೋರುತ್ತದೆ. ಕಳುಹಿಸುವ ಮೊದಲು ಎಣಿಸಿ ಮುದ್ರೆಯೊತ್ತಬೇಕು. ಪಡೆದವನು ಆ ದಿನವೇ ಮುದ್ರೆಯನ್ನು ನೋಡಿ, ಒಂದೆರಡನ್ನಾದರೂ ತೆರೆದು ಕಂಡು, ಬಂದಿತೆಂದು ತಿಳಿಸಬೇಕು. ಆ ಮಾತು ಕಿವಿಗೆ ಬೀಳುವ ತನಕ ಕಳುಹಿಸಿದವನು ಮೂಲವನ್ನು ಅಳಿಸಕೂಡದು. ಇದಕ್ಕೆ ಬೇಕಾಗುವ ಕಾಲವು ಒಂದು ಗಂಟೆಯೋ ಒಂದು ದಿನವೋ ಇದ್ದೀತು. ನಮ್ಮ ಹಿರಿಯರು ತಲೆಮಾರುಗಳ ತನಕ ಕಾಪಾಡಿ ನಮಗೆ ಒಪ್ಪಿಸಿದುದನ್ನು ನಾವು ಮುಂದಿನವರಿಗೆ ಒಪ್ಪಿಸುವಾಗ ಅಷ್ಟು ಕಾಲ ಕಾಯುವುದು ದೊಡ್ಡ ತಪಸ್ಸೇನೂ ಅಲ್ಲ.